ನೆಲೆಯ ಪ್ರಶ್ನೆ: ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಅವರ ಬದುಕು ಮತ್ತು ಐತಿಹಾಸಿಕ ಕಾದಂಬರಿ

ಐತಿಹಾಸಿಕ ಕಾದಂಬರಿಯನ್ನು ಕುರಿತ ಚರ್ಚೆಗಳಲ್ಲಿ ಕಾಲಕ್ಕೆ ದೊರೆತಷ್ಟು ಗಮನ ಸ್ಥಳಕ್ಕೆ ದೊರೆತಿಲ್ಲ. ದಾಖಲೆಗಳು ಹೆಸರಿಸದೆ ಬಿಟ್ಟ ಹೆಣ್ಣು-ಹೆಣ್ಣಿನ ಪ್ರೇಮವನ್ನು ಗತಕಾಲದಲ್ಲಿ ಎಲ್ಲಿ ನೆಲೆಗೊಳಿಸಬೇಕೆಂಬ ಪ್ರಶ್ನೆಯನ್ನು ಇಂಗ್ಲಿಷ್ ಲೇಖಕಿ ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ (1893–1978) ಬರೆದರು, ಬದುಕಿದರು ಕೂಡ.

ವಾರ್ನರ್ ಹುಟ್ಟಿದ್ದು ಲಂಡನ್ನಿಗೆ ಸಮೀಪದ ಹ್ಯಾರೋದಲ್ಲಿ. ತಂದೆ ಅಲ್ಲಿನ ಪ್ರಸಿದ್ಧ ಗಂಡುಮಕ್ಕಳ ಶಾಲೆಯಲ್ಲಿ ಇತಿಹಾಸದ ಅಧ್ಯಾಪಕರು. ಶಾಲೆಯ ನೆರಳಿನಲ್ಲಿಯೇ ಬೆಳೆದರೂ ಮಗಳ ಓದು ಸಾಗಿದ್ದು ಮನೆಯೊಳಗೆ. 1916ರಲ್ಲಿ ತಂದೆ ತೀರಿಕೊಂಡರು. ಮುಂದೆ ಲಂಡನ್ನಿನಲ್ಲಿ ನೆಲೆಸಿದ ವಾರ್ನರ್, ಟ್ಯೂಡರ್ ಕಾಲದ ಚರ್ಚ್ ಸಂಗೀತದ 10 ಸಂಪುಟಗಳ ಸಂಪಾದಕ ಮಂಡಳಿಯಲ್ಲಿ ದುಡಿದರು. ಹಳೆಯ ಆಕರಗಳೊಡನೆ ಒಡನಾಡಿದ ಈ ಶಿಸ್ತು ಅವರ ಕಾದಂಬರಿಗಳಿಗೂ ಒದಗಿತು. 1926ರ ಮೊದಲ ಕಾದಂಬರಿ ‘ಲಾಲಿ ವಿಲೋಸ್’ನಲ್ಲಿ ಅವಿವಾಹಿತೆಯೊಬ್ಬಳು ಅಣ್ಣನ ಮನೆಯನ್ನು ತೊರೆದು ಹಳ್ಳಿಯಲ್ಲಿ ಸ್ವತಂತ್ರಳಾಗುತ್ತಾಳೆ.

1930ರಲ್ಲಿ ವಾರ್ನರ್ ಡಾರ್ಸೆಟ್ ಸೀಮೆಯ ಚಾಲ್ಡನ್‌ನಲ್ಲಿ ಪುಟ್ಟ ಮನೆಯೊಂದನ್ನು ಕೊಂಡರು. ಕವಯಿತ್ರಿ ವ್ಯಾಲೆಂಟೈನ್ ಆಕ್ಲಂಡ್ ಅವರೊಂದಿಗಿನ ಸಹಜೀವನ ಆರಂಭವಾದದ್ದು ಅಲ್ಲಿಯೇ. ಅಂದಿನ ಇಂಗ್ಲೆಂಡಿನಲ್ಲಿ ಇಬ್ಬರು ಸ್ತ್ರೀಯರ ಸಂಬಂಧ ಅಪರಾಧವಾಗಿರಲಿಲ್ಲ. ಆದರೆ ಅದನ್ನು ನೇರವಾಗಿ ನಿರೂಪಿಸಿದ ರಾಡ್‌ಕ್ಲಿಫ್ ಹಾಲ್ ಅವರ ಕಾದಂಬರಿಯನ್ನು 1928ರಲ್ಲಿ ನ್ಯಾಯಾಲಯ ಅಶ್ಲೀಲವೆಂದು ತೀರ್ಮಾನಿಸಿತ್ತು. 1935ರಲ್ಲಿ ಈ ಇಬ್ಬರೂ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು.

ಮರುವರ್ಷ ಪ್ರಕಟವಾದ ‘ಸಮ್ಮರ್ ವಿಲ್ ಷೋ’ 1848ರ ಪ್ಯಾರಿಸ್ ಕ್ರಾಂತಿಯ ಕಥನ. ಮಕ್ಕಳನ್ನು ಸಿಡುಬಿಗೆ ಕಳೆದುಕೊಂಡ ಜಮೀನುದಾರಿಣಿ ಸೋಫಿಯಾ ಗಂಡನನ್ನು ಅರಸಿ ಪ್ಯಾರಿಸ್ಸಿಗೆ ಹೋಗುತ್ತಾಳೆ. ಅಲ್ಲಿ ಅವನ ಪ್ರೇಯಸಿಯಾಗಿದ್ದ ಯಹೂದಿ ಕಥೆಗಾರ್ತಿ ಮಿನ್ನಾಳಿಗೆ ಮನಸೋಲುತ್ತಾಳೆ. ತವರಿನಿಂದ ಬಂದ ಆಸ್ತಿಯ ಮೇಲೂ ಅಂದಿನ ಕಾನೂನು ಗಂಡನಿಗೇ ಅಧಿಕಾರ ಕೊಟ್ಟಿದ್ದರಿಂದ ಅವನು ಅವಳ ಹಣಕ್ಕೆ ತಡೆಯೊಡ್ಡುತ್ತಾನೆ. ಸ್ವಂತ ಬಂಗಲೆಯಲ್ಲಿ ಪರಕೀಯಳಾಗಿದ್ದವಳಿಗೆ ಮಿನ್ನಾಳ ಬಡ ಬಿಡಾರವೇ ನಿಜವಾದ ಮನೆಯಾಗುತ್ತದೆ. ಆ ಕೋಣೆ ಇತಿಹಾಸದಿಂದ ಮರೆಯಾದ ಏಕಾಂತವಾಗಿ ಉಳಿಯದೆ ಬೀದಿಯ ಬ್ಯಾರಿಕೇಡಿನವರೆಗೂ ಚಾಚಿಕೊಳ್ಳುತ್ತದೆ. ವಾರ್ನರ್ ಅಸ್ಮಿತೆಗೆ ಹೆಸರಿಡುವ ಗೋಜಿಗೆ ಹೋಗುವುದಿಲ್ಲ. ಯಾರು ಯಾರೊಡನೆ, ಯಾರ ಹಣದಲ್ಲಿ ವಾಸಿಸುತ್ತಾರೆ ಎಂಬುದರಿಂದಲೇ ಅದನ್ನು ಕಾಣಿಸುತ್ತಾರೆ. 1948ರ ‘ದಿ ಕಾರ್ನರ್ ದಟ್ ಹೆಲ್ಡ್ ದೆಮ್’ನಲ್ಲಿ 14ನೆಯ ಶತಮಾನದ ಸನ್ಯಾಸಿನಿಯರ ಮಠವೂ ಸಾಲ, ಕಟ್ಟಡ, ಲೆಕ್ಕಪತ್ರಗಳ ಲೋಕವಾಗಿಯೇ ಮೂಡಿದೆ.

ಇಷ್ಟಾಗಿ, ಬರಹದಲ್ಲಿ ಕಟ್ಟಿದ ನೆಲೆ ಬದುಕಿನಲ್ಲಿ ಸದಾ ಭದ್ರವಾಗಿರಲಿಲ್ಲ. 1937ರಿಂದ ಇಬ್ಬರೂ ಫ್ರೋಮ್ ನದಿಯ ದಂಡೆಯ ಮನೆಯಲ್ಲಿದ್ದರು. 1949ರಲ್ಲಿ ಆಕ್ಲಂಡ್ ಅವರ ಮತ್ತೊಬ್ಬ ಸಂಗಾತಿಗೆಂದು ವಾರ್ನರ್ ಸುಮಾರು ಒಂದು ತಿಂಗಳು ಆ ಮನೆಯನ್ನು ತೆರವು ಮಾಡಿ ಹೋಟೆಲಿನಲ್ಲಿ ತಂಗಬೇಕಾಯಿತು. ಬಳಿಕ ಮರಳಿ ಕೂಡಿದ ಬಾಳು 1969ರಲ್ಲಿ ಆಕ್ಲಂಡ್ ತೀರಿಕೊಳ್ಳುವವರೆಗೂ ಮುಂದುವರಿಯಿತು. 1978ರ ಮೇ 1ರಂದು ವಾರ್ನರ್ ನಿಧನರಾದರು.

ಚಾಲ್ಡನ್ ಚರ್ಚಿನ ಅಂಗಳದಲ್ಲಿ ಇಬ್ಬರ ಹೆಸರನ್ನೂ ಹೊತ್ತ ಒಂದೇ ಕಲ್ಲಿದೆ. ಕಾನೂನು ದಾಂಪತ್ಯವೆಂದು ಎಂದೂ ದಾಖಲಿಸದ ಸಂಬಂಧಕ್ಕೆ ಆ ನೆಲವೇ ದಾಖಲೆಯಾಗಿದೆ.