ಪ್ಲೇಗಿನ ಲಸಿಕೆ ಕೊಟ್ಟ ಹಾಫ್‌ಕಿನ್

ಪ್ಲೇಗ್ ಮಾರಿಗೆ ಹೆದರಿ ಜನ ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕತೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳನ್ನು ನಡುಗಿಸಿದ ಆ ರೋಗಕ್ಕೆ ಲಸಿಕೆ ತಯಾರಿಸಿದವರು ವಾಲ್ಡೆಮಾರ್ ಹಾಫ್‌ಕಿನ್.

ಅವರು ಹುಟ್ಟಿದ್ದು 1860ರಲ್ಲಿ, ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದ ಯಹೂದಿ ಕುಟುಂಬದಲ್ಲಿ. ಓದಿದ್ದು ಪ್ರಾಣಿಶಾಸ್ತ್ರ. ಯಹೂದಿಯಾದ್ದರಿಂದ ಅಲ್ಲಿ ಪ್ರಾಧ್ಯಾಪಕರಾಗುವ ದಾರಿ ಮುಚ್ಚಿತ್ತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿ ಸೇರಿಕೊಂಡರು. ಅಲ್ಲಿಯೇ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, ಪ್ರಾಣಿಗಳ ಮೇಲೆ ಪರೀಕ್ಷಿಸಿ, 1892ರ ಜುಲೈ 18ರಂದು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. ಕಲ್ಕತ್ತದ ಕೊಳೆಗೇರಿಗಳಲ್ಲಿ ಲಸಿಕೆ ಪಡೆದವರನ್ನೂ ಅದೇ ಮನೆಗಳಲ್ಲಿ ಪಡೆಯದವರನ್ನೂ ಹೋಲಿಸಿ ಲೆಕ್ಕವಿಟ್ಟರು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಸರ್ಕಾರ ಅವರನ್ನು ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣ ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟೇ ಅವರಿಗೆ ದೊರೆತ ಸೌಕರ್ಯ. ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು ಲಸಿಕೆ ಮಾಡಿದರು. ಮೊದಲು ಮೊಲಗಳಿಗೆ ಕೊಟ್ಟು ನೋಡಿದರು. 1897ರ ಜನವರಿ 10ರಂದು ತಾವೇ ಚುಚ್ಚಿಸಿಕೊಂಡು ಜ್ವರ, ನೋವು ಅನುಭವಿಸಿದರು. ಆಮೇಲೆ ಬೈಕುಲಾ ಜೈಲಿನಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಟ್ಟರು. ಲಸಿಕೆ ಪಡೆಯದವರಿಗಿಂತ ಪಡೆದವರಲ್ಲಿ ರೋಗ ಬಹಳ ಕಡಿಮೆಯಾಗಿತ್ತು.

1902ರಲ್ಲಿ ದೊಡ್ಡ ದುರಂತವೊಂದು ನಡೆಯಿತು. ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ ಅಂದು 107 ಮಂದಿಗೆ ಐದು ಬಾಟಲಿಗಳಿಂದ ಲಸಿಕೆ ಹಾಕಲಾಗಿತ್ತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್ ಅವರ ಪ್ರಯೋಗಾಲಯದ್ದೆಂದು ವಿಚಾರಣೆ ಹೇಳಿತು; ಅವರು ಕೆಲಸ ಕಳೆದುಕೊಂಡರು. ಆದರೆ ಸತ್ತವರೆಲ್ಲ ಒಂದೇ ಬಾಟಲಿಯಿಂದ ಲಸಿಕೆ ಪಡೆದವರು. ಉಳಿದ ನಾಲ್ಕರಿಂದ ಯಾರಿಗೂ ಕೇಡಾಗಿರಲಿಲ್ಲ. ಆ ಬಾಟಲಿಯ ಮುಚ್ಚಳ ತೆಗೆಯುವಾಗ ಸಹಾಯಕನ ಚಿಮಟ ನೆಲಕ್ಕೆ ಬಿದ್ದಿತ್ತೆಂದೂ ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತೆಂದೂ ತಿಳಿದುಬಂತು. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಅವರ ಪರ ನಿಂತರು. 1907ರಲ್ಲಿ ಕಳಂಕ ತೊಳೆಯಿತು. ಅವರು ಮತ್ತೆ ಭಾರತಕ್ಕೆ ಬಂದು ಕಲ್ಕತ್ತದಲ್ಲಿ ದುಡಿದರು.

1925ರಲ್ಲಿ ಮುಂಬಯಿಯ ಅವರ ಪ್ರಯೋಗಾಲಯಕ್ಕೆ ಅವರದೇ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ತೀರಿಕೊಂಡರು.

ಇಂದು ಹೊಸ ಔಷಧಿ ಮೊದಲು ಪ್ರಾಣಿಗಳಲ್ಲಿ, ಬಳಿಕ ಒಪ್ಪಿಗೆ ಕೊಟ್ಟ ಕೆಲವರಲ್ಲಿ, ಕೊನೆಗೆ ಸಾವಿರಾರು ಜನರಲ್ಲಿ ಪರೀಕ್ಷೆಗೊಳಗಾಗುತ್ತದೆ. ಬಂದಿಗಳ ಒಪ್ಪಿಗೆ ನಿಜಕ್ಕೂ ಸ್ವತಂತ್ರವೇ ಎಂದೂ ಈಗ ಕೇಳುತ್ತಾರೆ. ತಯಾರಾದ ಪ್ರತಿ ಕಂತಿಗೂ ಸಂಖ್ಯೆಯಿರುತ್ತದೆ. ವಿದ್ಯಾರ್ಥಿ ಮಿತ್ರರೆ, ಮಾತ್ರೆಯ ಹಾಳೆಯ ಮೇಲಿನ ಆ ಸಂಖ್ಯೆಯನ್ನು ಕಂಡಾಗ ಮಲ್ಕೋವಾಲಿನ 19 ಜನರನ್ನು ನೆನೆಯಿರಿ. ಪ್ರಯೋಗಶಾಲೆಯಲ್ಲಿ ಚಿಮಟ ಕೆಳಗೆ ಬಿದ್ದರೆ, ತೊಳೆಯದೆ ಮತ್ತೆ ಮುಟ್ಟಬೇಡಿ.