ಸೂರ್ಯನ ಕಪ್ಪು ಗೆರೆಗಳನ್ನು ಅಳೆದ ಗಾಜಿನ ಕುಶಲಕರ್ಮಿ

1801ರ ಜುಲೈ 21ರಂದು ಮ್ಯೂನಿಕ್ ನಗರದಲ್ಲಿ ಕನ್ನಡಿ ತಯಾರಕನೊಬ್ಬನ ಮನೆ ಕುಸಿದುಬಿತ್ತು. ಅವಶೇಷಗಳಡಿ ಸಿಲುಕಿದ್ದ 14 ವರ್ಷದ ಅನಾಥ ಬಾಲಕನನ್ನು ಕೆಲವು ಗಂಟೆಗಳ ಬಳಿಕ ಜೀವಂತವಾಗಿ ಹೊರತೆಗೆಯಲಾಯಿತು. ಮುಂದೆ ನಕ್ಷತ್ರಗಳ ಬೆಳಕನ್ನು ಓದುವ ವಿದ್ಯೆಗೆ ತಳಹದಿ ಹಾಕಿದ ಜೋಸೆಫ್ ಫ್ರಾನ್‌ಹೋಫರ್ ಆ ಬಾಲಕ.

1787ರ ಮಾರ್ಚ್ 6ರಂದು ಬವೇರಿಯದ ಸ್ಟ್ರೌಬಿಂಗ್‌ನಲ್ಲಿ ಗಾಜಿನ ಕೆಲಸಗಾರನ ಮಗನಾಗಿ ಜನಿಸಿದ ಆತ, ಹೆತ್ತವರನ್ನು ಕಳೆದುಕೊಂಡು ಆ ಕನ್ನಡಿ ತಯಾರಕನಲ್ಲಿ ಕೆಲಸ ಕಲಿಯಲು ಸೇರಿದ್ದ. ಓದಿಗೆ ಮಾಲೀಕ ಅಡ್ಡಿಯಾಗಿದ್ದ. ದುರಂತದ ಸ್ಥಳಕ್ಕೆ ಬಂದ ಬವೇರಿಯದ ದೊರೆ ಮ್ಯಾಕ್ಸಿಮಿಲಿಯನ್ ನೀಡಿದ ಹಣ, ಉದ್ಯಮಿ ಯೂಟ್ಸ್‌ಶ್ನೈಡರ್ ಒದಗಿಸಿದ ಪುಸ್ತಕಗಳು ಬಾಲಕನಿಗೆ ದಾರಿ ತೆರೆದವು. 1806ರಲ್ಲಿ ಯೂಟ್ಸ್‌ಶ್ನೈಡರ್‌ನ ಉಪಕರಣ ತಯಾರಿಕಾ ಸಂಸ್ಥೆಯನ್ನು ಸೇರಿದ ಫ್ರಾನ್‌ಹೋಫರ್, ಬೆನೆಡಿಕ್ಟ್‌ಬೊಯರ್ನ್‌ನ ಹಳೆಯ ಕ್ರೈಸ್ತ ಮಠದಲ್ಲಿದ್ದ ಕುಲುಮೆಯಲ್ಲಿ ಉತ್ಕೃಷ್ಟ ಗಾಜಿನ ತಯಾರಿಕೆಯಲ್ಲಿ ಪಳಗಿದ.

ಒಳ್ಳೆಯ ಮಸೂರ ತಯಾರಿಸಲು ಗಾಜು ಪ್ರತಿ ಬಣ್ಣವನ್ನು ಎಷ್ಟು ಬಾಗಿಸುತ್ತದೆಂಬ ನಿಖರ ಲೆಕ್ಕ ಅಗತ್ಯ. ಆದರೆ ರೋಹಿತದಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಗುವ ಗಡಿ ಕಾಣದು. 1814ರಲ್ಲಿ ಆತ ಕಿರುಸೀಳಿನಿಂದ ಬಂದ ಬಿಸಿಲನ್ನು ಅಶ್ರಗದ ಮೂಲಕ ಹಾಯಿಸಿ ದೂರದರ್ಶಕದಲ್ಲಿ ನೋಡಿದಾಗ, ಬಣ್ಣಗಳ ನಡುವೆ ಅಸಂಖ್ಯ ಕಪ್ಪು ಗೆರೆಗಳು ಗೋಚರಿಸಿದವು. ಇಂಗ್ಲೆಂಡಿನ ವೊಲಾಸ್ಟನ್ 1802ರಲ್ಲೇ ಇಂಥ ಕೆಲವು ಗೆರೆಗಳನ್ನು ಗಮನಿಸಿದ್ದನಾದರೂ ಬೆನ್ನುಹತ್ತಿರಲಿಲ್ಲ. ಫ್ರಾನ್‌ಹೋಫರ್ 500ಕ್ಕೂ ಹೆಚ್ಚು ಗೆರೆಗಳ ನಕ್ಷೆ ರಚಿಸಿ, ಪ್ರಮುಖವಾದವುಗಳಿಗೆ ಅಕ್ಷರಗಳ ಹೆಸರಿಟ್ಟ. ಗಾಜನ್ನು ಅಳೆಯಲು ಅವೇ ಮೈಲಿಗಲ್ಲುಗಳಾದವು. ಶುಕ್ರಗ್ರಹದ ಬೆಳಕಿನಲ್ಲಿ ಸೂರ್ಯನ ಗೆರೆಗಳೇ ಕಂಡವು. ಲುಬ್ಧಕ ನಕ್ಷತ್ರದಲ್ಲಿ ಅವುಗಳ ವಿನ್ಯಾಸವೇ ಬೇರೆಯಾಗಿತ್ತು.

ಅಶ್ರಗದ ರೋಹಿತ ಅದರ ಗಾಜಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಗಾಜನ್ನು ಅವಲಂಬಿಸದ ಅಳತೆಗಾಗಿ ಆತ 1821ರ ವೇಳೆಗೆ ತರಂಗಗಳ ವ್ಯತಿಕರಣದ ಮೊರೆಹೋದ. ಸಮಾನಾಂತರವಾಗಿ ಬಿಗಿದ ಸೂಕ್ಷ್ಮ ತಂತಿಗಳ ಸಾಲೇ ಅವನ ಉಪಕರಣ. ತಂತಿಗಳ ನಡುವಿನಿಂದ ಬರುವ ಅಲೆಗಳು ಏರಿಗೆ ಏರು ಕೂಡಿದಲ್ಲಿ ಬೆಳಗುತ್ತವೆ, ಏರಿಗೆ ಇಳಿವು ಎದುರಾದಲ್ಲಿ ಆರುತ್ತವೆ. ಪ್ರತಿ ಬಣ್ಣವೂ ತನ್ನ ತರಂಗಾಂತರಕ್ಕೆ ತಕ್ಕ ಕೋನದಲ್ಲಿ ಮಾತ್ರ ಬೆಳಗುತ್ತದೆ. ತಂತಿಗಳ ಅಂತರ ಮತ್ತು ಕೋನದಿಂದ ಲೆಕ್ಕಹಾಕಿ, 'ಡಿ' ಗೆರೆಯ ತರಂಗಾಂತರ ಸುಮಾರು 0.000589 ಮಿಲಿಮೀಟರ್ ಎಂದು ಆತ ಕಂಡುಕೊಂಡ. ಇಂದಿನ ಅಳತೆಯೂ ಅದೇ.

ಶಾಲಾ ಶಿಕ್ಷಣವಿಲ್ಲದ ಕುಶಲಕರ್ಮಿಗೆ ಬವೇರಿಯದ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ನೀಡಲು ಕೆಲವು ಪಂಡಿತರು ಆಕ್ಷೇಪಿಸಿದ್ದರು. ಆದರೂ ಮನ್ನಣೆ ತಪ್ಪಲಿಲ್ಲ. 1824ರಲ್ಲಿ ಕುಲೀನ ಪದವಿ ದೊರೆಯಿತು. ಅದೇ ವರ್ಷ ಅವನ 24 ಸೆಂಟಿಮೀಟರ್ ಮಸೂರದ ದೂರದರ್ಶಕ ಇಂದಿನ ಎಸ್ಟೋನಿಯದ ತಾರ್ತು ವೀಕ್ಷಣಾಲಯ ತಲುಪಿತು. 1826ರ ಜೂನ್ 7ರಂದು, 39ನೇ ವಯಸ್ಸಿನಲ್ಲಿ, ಕ್ಷಯರೋಗ ಆತನನ್ನು ಬಲಿ ತೆಗೆದುಕೊಂಡಿತು.

ಗೆರೆಗಳು ಏಕಿವೆ ಎಂಬುದು ಅವನಿಗೆ ಕೊನೆವರೆಗೂ ತಿಳಿಯಲಿಲ್ಲ. ಪ್ರತಿ ಮೂಲವಸ್ತುವೂ ತನ್ನದೇ ಗೆರೆಗಳನ್ನು ಮೂಡಿಸುತ್ತದೆ, 'ಡಿ' ಗೆರೆ ಸೋಡಿಯಂನದು ಎಂದು ಕಿರ್ಕಾಫ್ ಮತ್ತು ಬುನ್ಸೆನ್ ತೋರಿಸಿದ್ದು 1859ರಲ್ಲಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ, ಖಗೋಳಜ್ಞ ವಿಲಿಯಂ ಹರ್ಷೆಲ್‌ನ ಮೊಮ್ಮಗ ಜಾನ್ ಹರ್ಷೆಲ್ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆವ ಗೆರೆಗಳನ್ನು ಕಂಡ. ಅವು ಕಾದ ಅನಿಲವೆಂಬುದು ಸ್ಪಷ್ಟವಾಯಿತು.

ನಕ್ಷತ್ರದ ದ್ರವ್ಯ, ತಾಪ, ವೇಗಗಳನ್ನು ಇಂದು ಅಳೆಯುವುದು ಇಂಥ ಗೆರೆಗಳಿಂದಲೇ. ಕಾರಣ ತಿಳಿಯದಿದ್ದರೂ ಕಂಡದ್ದನ್ನು ತಪ್ಪಿಲ್ಲದೆ ದಾಖಲಿಸಿದ್ದು ಫ್ರಾನ್‌ಹೋಫರ್‌ನ ಹಿರಿಮೆ.