ತಾಯಿ ಕೊಟ್ಟ ಕಡ: ಪಾಲ್ ಎರ್ಲಿಶ್ ಅವರ ಬದುಕು ಮತ್ತು ಮೊಟ್ಟೆಯೊಳಗಿನ ರಕ್ಷಣೆ

ಕೋಳಿ ತನ್ನ ಮರಿಗೆ ಹಾಲೂಡಿಸುವುದಿಲ್ಲ. ಗರ್ಭದಲ್ಲಿಟ್ಟು ಪೋಷಿಸುವುದೂ ಇಲ್ಲ. ಮೊಟ್ಟೆಯಿಟ್ಟೊಡನೆ ತಾಯಿಯ ರಕ್ತಕ್ಕೂ ಮರಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಆದರೂ ತಾನು ಎದುರಿಸಿ ಗೆದ್ದ ರೋಗಗಳ ವಿರುದ್ಧ ಒಂದಿಷ್ಟು ರಕ್ಷಣೆಯನ್ನು ಅದು ಮೊಟ್ಟೆಯ ಹಳದಿಯಲ್ಲಿ ಕಟ್ಟಿಟ್ಟೇ ಕಳುಹಿಸುತ್ತದೆ. ತಾಯಿಯಿಂದ ಬರುವ ರಕ್ಷಣೆ ಎಂಥದು, ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಕಂಡವರು ಜರ್ಮನಿಯ ಪಾಲ್ ಎರ್ಲಿಶ್. ಕತಾರಿನಲ್ಲಿ ನೆಲೆಸಿರುವ ನಾನು ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಆಗಾಗ ಒಂದು ಮಾತು ಕೇಳುತ್ತೇನೆ: ತಾಯಿಗೆ ಲಸಿಕೆ ಆಗಿರುವಾಗ ಕೂಸಿಗೇಕೆ ಮತ್ತೆ ಸೂಜಿ? ಎರ್ಲಿಶ್ ಅವರ ಬದುಕನ್ನು ಬರೆಯಲು ನನ್ನನ್ನು ಪ್ರೇರಿಸಿದ್ದು ಈ ಪ್ರಶ್ನೆಯೇ.

ಎರ್ಲಿಶ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಇಂದು ಪೋಲೆಂಡಿಗೆ ಸೇರಿರುವ ಸೈಲೀಸಿಯಾ ಪ್ರಾಂತದ ಸ್ಟ್ರೇಲೆನ್ ಪಟ್ಟಣದ ಯಹೂದಿ ಮನೆತನದಲ್ಲಿ. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಬಣ್ಣಗಳ ಗೀಳು ಹತ್ತಿತು. ಒಂದು ಬಣ್ಣ ಒಂದು ಬಗೆಯ ಜೀವಕೋಶಕ್ಕೆ ಹತ್ತುತ್ತದೆ, ಇನ್ನೊಂದಕ್ಕೆ ಹತ್ತುವುದಿಲ್ಲ. ಏಕೆ? ಅವರ ಇಡೀ ಬಾಳಿನ ಸಾಧನೆ ಈ ಪ್ರಶ್ನೆಯಿಂದಲೇ ಕವಲೊಡೆಯಿತು. ಬರ್ಲಿನ್ನಿನ ಶರಿಟೆ ಆಸ್ಪತ್ರೆಯಲ್ಲಿ ಅವರು ರಕ್ತದ ಬಿಳಿಕಣಗಳನ್ನು ಬಣ್ಣಗಳ ಮೂಲಕ ವಿಂಗಡಿಸಿದರು. ನಡುವೆ ಕ್ಷಯ ತಗುಲಿತು. ಒಣಹವೆಯನ್ನರಸಿ ಈಜಿಪ್ಟಿಗೆ ಹೋಗಿ ಚೇತರಿಸಿಕೊಂಡು ಮರಳಿದ ಮೇಲೆ ರಾಬರ್ಟ್ ಕಾಖ್ ಅವರ ಸಂಸ್ಥೆಯಲ್ಲಿ ಅವರಿಗೆ ನೆಲೆ ದೊರೆಯಿತು.

ಅಲ್ಲಿ ಅವರು ಕೈಗೆತ್ತಿಕೊಂಡ ವಸ್ತು ನಮಗೆ ಅಪರಿಚಿತವಲ್ಲ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ. ಹರಳು ಬೀಜದಲ್ಲಿ ಅದರ ಬಂಧು ರಿಸಿನ್ ಇದೆ. ಈ ವಿಷಗಳನ್ನು ಎರ್ಲಿಶ್ ಇಲಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಕೊಡಲಾರಂಭಿಸಿ ಮೆಲ್ಲಮೆಲ್ಲನೆ ಹೆಚ್ಚಿಸಿದರು. ಕೆಲವು ವಾರಗಳಲ್ಲಿ ಅವು ಸಾಮಾನ್ಯ ಇಲಿಯನ್ನು ಕೊಲ್ಲುವ ಪ್ರಮಾಣದ ಹಲವು ಪಟ್ಟು ವಿಷವನ್ನು ತಡೆದುಕೊಂಡವು.

1892ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು. ತಂದೆ ಮಾತ್ರ ರಕ್ಷಿತನಾಗಿದ್ದರೆ ಮರಿಗಳಿಗೆ ಏನೂ ದಕ್ಕಲಿಲ್ಲ. ತಾಯಿ ರಕ್ಷಿತಳಾಗಿದ್ದರೆ ಮರಿಗಳೂ ವಿಷವನ್ನು ತಡೆದವು. ಆಗ ಅವರು ಮರಿಗಳನ್ನು ಅದಲುಬದಲು ಮಾಡಿದರು. ಸಾಮಾನ್ಯ ತಾಯಿಗೆ ಹುಟ್ಟಿದ ಮರಿಗಳು ರಕ್ಷಿತ ತಾಯಿಯ ಹಾಲು ಕುಡಿದಾಗ ಅವುಗಳಿಗೂ ರಕ್ಷಣೆ ಬಂತು. ಅಲ್ಲಿಗೆ ಇದು ವಂಶಪಾರಂಪರ್ಯದ ಗುಣವಲ್ಲ, ತಾಯಿಯ ದೇಹದಲ್ಲಿ ತಯಾರಾಗಿ ಮರಿಗೆ ದಾಟುವ ಪದಾರ್ಥ ಎಂಬುದು ಖಚಿತವಾಯಿತು. ಆ ರಕ್ಷಣೆ ಕೆಲವು ತಿಂಗಳಲ್ಲೇ ಕರಗಿಹೋಯಿತು, ಮೊಮ್ಮಕ್ಕಳಿಗೆ ತಲುಪಲಿಲ್ಲ. ಸ್ವಂತ ದೇಹ ದುಡಿದು ಗಳಿಸಿದ್ದು ಸಕ್ರಿಯ ರಕ್ಷಣೆ, ಎರವಲಾಗಿ ಬಂದದ್ದು ನಿಷ್ಕ್ರಿಯ ರಕ್ಷಣೆ ಎಂಬ ಭೇದ ಹೀಗೆ ನೆಲೆಗೊಂಡಿತು.

ಮರುವರ್ಷವೇ, 1893ರಲ್ಲಿ, ಫೆಲಿಕ್ಸ್ ಕ್ಲೆಂಪೆರರ್ ಎಂಬ ವೈದ್ಯರು ಧನುರ್ವಾಯುವಿನ ವಿರುದ್ಧ ಸಜ್ಜುಗೊಳಿಸಿದ ಕೋಳಿಗಳ ಮೊಟ್ಟೆಯ ಹಳದಿಯನ್ನು ಇಲಿಗಳಿಗೆ ಚುಚ್ಚಿ, ಅವು ಆ ರೋಗದಿಂದ ಪಾರಾಗುವುದನ್ನು ತೋರಿಸಿದರು. ಹಾಲಿನಲ್ಲಿ ಎರ್ಲಿಶ್ ಕಂಡದ್ದು ಮೊಟ್ಟೆಯಲ್ಲಿಯೂ ಇತ್ತು. ಇಂದು ನಾವು ಆ ಪದಾರ್ಥವನ್ನು ಐಜಿವೈ ಎಂಬ ಪ್ರತಿಕಾಯವೆಂದು ಬಲ್ಲೆವು. ಅದು ಕೋಳಿಯ ರಕ್ತದಿಂದ ಹಳದಿಗೆ ಸೇರುತ್ತದೆ. ಮರಿ ಚಿಪ್ಪೊಡೆಯುವ ಮುನ್ನ ಉಳಿದ ಹಳದಿಯ ಚೀಲವನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು ಕೆಲವು ದಿನ ಅದನ್ನು ಹೀರುತ್ತಿರುತ್ತದೆ. ಮೂರು ನಾಲ್ಕು ವಾರಗಳಲ್ಲಿ ತಾಯಿಯ ಪ್ರತಿಕಾಯಗಳು ಬಹುಮಟ್ಟಿಗೆ ಮುಗಿಯುತ್ತವೆ.

ಈ ಎರವಲಿಗೆ ಒಂದು ತೊಡಕೂ ಇದೆ. ಗಂಬೊರೊ ರೋಗದ ಲಸಿಕೆಯನ್ನು ಮರಿಗೆ ತೀರ ಬೇಗ ಕೊಟ್ಟರೆ ತಾಯಿಯ ಪ್ರತಿಕಾಯಗಳೇ ಲಸಿಕೆಯನ್ನು ನಿಷ್ಫಲಗೊಳಿಸುತ್ತವೆ. ತಡಮಾಡಿದರೆ ರೋಗ ಮೊದಲು ಬಂದುಬಿಡುತ್ತದೆ. ಮನುಷ್ಯರಲ್ಲಿ ದಡಾರದ ಲಸಿಕೆಯನ್ನು ಹುಟ್ಟಿದೊಡನೆ ಕೊಡದೆ 9 ಅಥವಾ 12 ತಿಂಗಳವರೆಗೆ ಕಾಯುವುದಕ್ಕೂ ಇದೇ ಮುಖ್ಯ ಕಾರಣ.

ಪ್ರಾಣಿಯಿಂದ ಪ್ರಾಣಿಗೆ ಈ ಕಡ ದಾಟುವ ದಾರಿ ಬೇರೆ. ಮನುಷ್ಯರಲ್ಲಿ ಹೆಚ್ಚಿನ ಪಾಲು ಗರ್ಭದಲ್ಲೇ ಸಂದಾಯವಾಗುತ್ತದೆ. ಕತಾರಿನ ಜನ ಅಭಿಮಾನದಿಂದ ಸಾಕುವ ಕುದುರೆ ಮತ್ತು ಒಂಟೆಗಳಲ್ಲಿ, ನಮ್ಮ ಹಸುಗಳಲ್ಲಿ ಇರುವಂತೆಯೇ, ಎಲ್ಲವೂ ಗಿಣ್ಣು ಹಾಲಿನಿಂದಲೇ ಬರಬೇಕು. ಅದೂ ಹುಟ್ಟಿದ ಮೊದಲ ದಿನದೊಳಗೆ. 2014ರಲ್ಲಿ ಕತಾರಿನ ಹಾಲು ಕರೆಯುವ ಒಂಟೆಗಳನ್ನು ಪರೀಕ್ಷಿಸಿದಾಗ ಹಾಲಿನಲ್ಲಿ ಮರ್ಸ್ ವೈರಾಣುವಿನ ವಿರುದ್ಧದ ಪ್ರತಿಕಾಯಗಳು ಕಂಡುಬಂದವು. ಕೆಲವುಗಳ ಹಾಲಿನಲ್ಲಿ ವೈರಾಣುವಿನ ಕುರುಹೂ ಇತ್ತು. ಹಾಲನ್ನು ಕಾಯಿಸದೆ ಕುಡಿಯಬಾರದೆಂಬ ನಮ್ಮ ಹಿರಿಯರ ಪದ್ಧತಿ ಇಲ್ಲಿಯೂ ಸಲ್ಲುತ್ತದೆ.

ಎರ್ಲಿಶ್ ಮುಂದೆ ಗಂಟಲಮಾರಿ ರೋಗದ ಸೀರಮ್ಮಿನ ಬಲವನ್ನು ಅಳೆಯುವ ಮಾನದಂಡ ರೂಪಿಸಿದರು. 1899ರಲ್ಲಿ ಅವರ ಸಂಸ್ಥೆ ಫ್ರಾಂಕ್‌ಫರ್ಟಿಗೆ ಬಂತು. 1908ರಲ್ಲಿ ಇಲ್ಯಾ ಮೆಚ್ನಿಕಾಫ್ ಅವರೊಂದಿಗೆ ನೊಬೆಲ್ ಪುರಸ್ಕಾರ ಸಂದಿತು. ಜಪಾನಿನ ಸಹಾಚಿರೊ ಹಾಟಾ ಅವರ ಜತೆಗೂಡಿ ಕಂಡುಹಿಡಿದ ಸಾಲ್ವರ್ಸಾನ್ 1910ರಲ್ಲಿ ಸಿಫಿಲಿಸ್ ರೋಗಿಗಳ ಪಾಲಿಗೆ ಹೊಸ ಆಸೆಯಾಯಿತು. 1915ರ ಆಗಸ್ಟ್ 20ರಂದು ಅವರು ತೀರಿಕೊಂಡರು. ಯಹೂದಿಯೆಂಬ ಕಾರಣಕ್ಕೆ ನಾಜಿ ಆಡಳಿತ ಅವರ ಹೆಸರನ್ನು ಅಳಿಸಹೊರಟಿತು. ಇಂದು ಜರ್ಮನಿಯಲ್ಲಿ ಲಸಿಕೆಗಳನ್ನು ಪರಿಶೀಲಿಸುವ ರಾಷ್ಟ್ರೀಯ ಸಂಸ್ಥೆಗೆ ಅವರದೇ ಹೆಸರಿದೆ.

ತಾಯಂದಿರು ಕೇಳುವ ಪ್ರಶ್ನೆಗೆ ನಾನು ಕೊಡುವ ಉತ್ತರವೂ ಅವರಿಂದ ಬಂದದ್ದೇ. ತಾಯಿ ಕೊಟ್ಟದ್ದು ಹುಸಿಯಲ್ಲ. ಗರ್ಭಿಣಿಗೆ ನಾಯಿಕೆಮ್ಮಿನ ಲಸಿಕೆ ಕೊಡುವುದೇ ಅದನ್ನು ನಂಬಿ. ಆದರೆ ಅದು ಅವಧಿಯುಳ್ಳ ಕಡ. ಆ ಅವಧಿ ತೀರುವ ಮುನ್ನ ಕೂಸಿನ ದೇಹ ತನ್ನದೇ ಗಳಿಕೆಯನ್ನು ಆರಂಭಿಸಬೇಕು. ಸೂಜಿ ಕಲಿಸುವುದು ಆ ಗಳಿಕೆಯನ್ನು.